ಕೈಗವಸು ಹೊಲಿದ ಸಾಹೇಬರು

ನನ್ನ ಸಂಶೋಧನಾ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹನ್ನೊಂದು ಹೆಸರುಗಳಿವೆ. ಹನ್ನೆರಡನೆಯ ಸಾಲಿನಲ್ಲಿ ಹೆಸರಿಲ್ಲ. ‘ತಿಪಟೂರಿನ ಒಬ್ಬ ಟೈಲರ್‌ಗೆ’ ಎಂದಷ್ಟೇ ಇದೆ. ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, “ಇದೇನಮ್ಮ, ಕಂಪ್ಯೂಟರ್ ಒಳಗಿನ ವಸ್ತು ಕೈಯಿಂದ ಆರಿಸೋದಕ್ಕೂ ಟೈಲರ್‌ಗೂ ಏನು ಸಂಬಂಧ?” ಎಂದು ಕೇಳಿದ್ದರು. “ಕೈಗವಸು ಹೊಲಿದುಕೊಟ್ಟರು ಸಾರ್” ಎಂದೆ. ಅವರು ನಕ್ಕು ಪುಟ ತಿರುಗಿಸಿದರು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ನಿಜದ ಕಾಲುಭಾಗವೂ ಆಗಿರಲಿಲ್ಲ.

ಹೆಸರು ಬೇಡ ಎಂದವರು ಆ ಟೈಲರೇ. “ಹೆಸ್ರು ಹಾಕ್ಬ್ಯಾಡ ಕಣಮ್ಮ. ಆಮೇಲೆ ಪ್ಯಾಂಟಿನ ಗಿರಾಕಿಗಳೆಲ್ಲ ಬಂದು ನಮಗೂ ಗ್ಲೌಸು ಹೊಲ್ಕೊಡಿ ಅಂತ ಕುಂತ್ಕೋತಾರೆ” ಎಂದಿದ್ದರು. ಅವರು ತೀರಿಕೊಂಡು ಈಗ ನಾಲ್ಕು ತಿಂಗಳು. ಕೊಟ್ಟ ಮಾತಿನಂತೆ ಇಲ್ಲೂ ಹೆಸರು ಬರೆಯುವುದಿಲ್ಲ. ಊರು ಕರೆಯುತ್ತಿದ್ದಂತೆ ಸಾಹೇಬರು ಎನ್ನುತ್ತೇನೆ.

ಮೊಬೈಲ್ ಫೋನು ತಿಪಟೂರಿನ ಅಂಗಡಿಬೀದಿಗೆ ಬಂದು ಎರಡು ಮೂರು ವರ್ಷವಾಗಿದ್ದ ಕಾಲ ಅದು. ನಾನು ಅಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ, ಜೊತೆಗೇ ಸಂಶೋಧನೆಯನ್ನೂ ಮಾಡುತ್ತಿದ್ದೆ. ಬೆಂಗಳೂರಿನಲ್ಲಿದ್ದ ನನ್ನ ಮಾರ್ಗದರ್ಶಕರು ತಮ್ಮ ಪ್ರಯೋಗಾಲಯದಿಂದ ಒಂದು ಸಾಧನವನ್ನು ಎರವಲು ಕೊಟ್ಟಿದ್ದರು. ನೋಡಲು ಹೆಲ್ಮೆಟ್ಟಿನ ಹಾಗೆ. ಕಣ್ಣಿನ ಎದುರಿಗೆ ಎರಡು ಪುಟ್ಟ ಪರದೆಗಳು. ತಲೆಗೆ ಹಾಕಿಕೊಂಡರೆ ಹೊರಗಿನದೇನೂ ಕಾಣುವುದಿಲ್ಲ, ಕಂಪ್ಯೂಟರ್ ಬರೆದ ಕೋಣೆಯೊಂದರಲ್ಲಿ ನಿಂತ ಹಾಗಾಗುತ್ತದೆ. ನಾನು ಬರೆದ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಹನ್ನೆರಡು ತೆಂಗಿನಕಾಯಿ. ಬರೀ ಚೆಂಡು ಸಾಕು ಎಂದಿದ್ದರು ಮಾರ್ಗದರ್ಶಕರು. ತುರುವೇಕೆರೆ ಕಡೆಯವಳಾದ ನನಗೆ ದುಂಡಗಿನದು ಎಂದರೆ ಮೊದಲು ನೆನಪಾಗುವುದು ಕಾಯಿಯೇ. ಹನ್ನೆರಡರಲ್ಲಿ ಒಂದು ಕಾಯಿ ಕೆಂಪಗಾಗುತ್ತದೆ. ಕೈ ಚಾಚಿದರೆ ಕೋಣೆಯೊಳಗೂ ಒಂದು ಚಿತ್ರದ ಕೈ ಚಾಚಿಕೊಳ್ಳುತ್ತದೆ. ಆ ಕೈಯಿಂದ ಕೆಂಪು ಕಾಯಿಯನ್ನು ಹಿಡಿಯಬೇಕು.

ಕೇಳಲು ಸುಲಭ. ಆದರೆ ಅಲ್ಲಿ ಕಾಯಿಯೇ ಇಲ್ಲವಲ್ಲ! ಕೈ ಅದರೊಳಗೆ ತೂರಿ ಆಚೆಗೆ ಹೋಗಿಬಿಡುತ್ತದೆ. ಮುಟ್ಟಿತೋ ಇಲ್ಲವೋ ತಿಳಿಯದೆ ಜನ ಪಕ್ಕದ ಕಾಯಿಯನ್ನು ಹಿಡಿಯುತ್ತಾರೆ, ಗಾಳಿಯನ್ನು ಹಿಂಡುತ್ತಾರೆ. ಮುಟ್ಟಿದ ಕ್ಷಣದಲ್ಲಿ ಬೆರಳ ತುದಿಗೆ ಒಂದು ಸಣ್ಣ ನಡುಕ ಕೊಟ್ಟರೆ ಆರಿಸುವುದು ಬೇಗ ಆಗುತ್ತದೆಯೇ, ತಪ್ಪು ಕಡಿಮೆಯಾಗುತ್ತದೆಯೇ? ಇಷ್ಟೇ ನನ್ನ ಪ್ರಶ್ನೆ. ಕೆಟ್ಟುಹೋದ ಮೊಬೈಲುಗಳಿಂದ ಗುಂಯ್‌ಗುಡುವ ಪುಟ್ಟ ಮೋಟಾರುಗಳನ್ನು ಕಿತ್ತು ಇಟ್ಟುಕೊಂಡಿದ್ದೆ. ಅವನ್ನು ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳಿನ ತುದಿಗೆ ಅಂಟಿಕೊಂಡಂತೆ ಹಿಡಿದಿಡುವ ಕೈಗವಸು ಬೇಕಿತ್ತು. ಅಂಗಡಿಯಲ್ಲಿ ಕೊಂಡ ಗವಸುಗಳಲ್ಲಿ ಮೋಟಾರು ಜಾರಿ ಉಗುರಿನ ಮೇಲೆ ಬರುತ್ತಿತ್ತು. ಮೂವರು ಟೈಲರ್‌ಗಳು ನನ್ನ ವಿವರಣೆ ಕೇಳಿ, ಬ್ಲೌಸ್ ಇದ್ದರೆ ಕೊಡಿ ಮೇಡಂ ಎಂದು ಕಳಿಸಿದರು. ಕೊನೆಗೆ ನಮ್ಮ ಲ್ಯಾಬಿನ ಅಟೆಂಡರ್ ಹೇಳಿದ: “ಕೊಬ್ಬರಿ ಮಂಡಿ ಹಿಂದ್ಗಡೆ ಒಬ್ರು ಸಾಹೇಬ್ರು ಅವ್ರೆ. ಛತ್ರಿಯಿಂದ ಶಾಮಿಯಾನದವರೆಗೂ ಹೊಲೀತಾರೆ. ಬೈಸ್ಕೊಳಕ್ಕೆ ರೆಡಿ ಇದ್ರೆ ಹೋಗಿ.”

ಅಂಗಡಿ ಎಂದರೆ ಎರಡು ಗೋದಾಮುಗಳ ನಡುವೆ ಉಳಿದುಹೋಗಿದ್ದ ಜಾಗ. ಒಂದು ಮಿಷನ್ನು, ಕತ್ತರಿಸಲು ಒಂದು ಹಲಗೆ, ಗಿರಾಕಿಗೆ ಒಂದು ಸ್ಟೂಲು. ಅಕ್ಕಪಕ್ಕದಿಂದ ಬರುವ ಕೊಬ್ಬರಿಯ ಜಿಡ್ಡುವಾಸನೆ ಹೊಸ ಬಟ್ಟೆಗೂ ಹತ್ತುತ್ತಿತ್ತು. “ತಿಪಟೂರಲ್ಲಿ ಹೊಲಿಸಿದ್ದು ಅಂತ ಬೆಂಗಳೂರಲ್ಲೂ ಗೊತ್ತಾಗ್ತದೆ” ಎಂದು ಅದನ್ನೇ ಹೆಮ್ಮೆಯಿಂದ ಹೇಳುವರು. ಐವತ್ತೆಂಟರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕತ್ತರಿಸಿದ ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲ್ಲು, ಮೂಗಿನ ತುದಿಗೆ ಇಳಿದ ಕನ್ನಡಕ. ನಾನು ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದರು. ಆಮೇಲೆ ಬಾಗಿಲಾಚೆ ಕೈ ತೋರಿಸಿ ಕೇಳಿದರು.

“ಇಲ್ದೇ ಇರೋ ಕಾಯಿ ಮುಟ್ಟಿದಂಗೆ ಆಗ್ಬೇಕು. ಅಷ್ಟೇ ತಾನೆ?”

“ಹೌದು.”

“ಯಾಕೆ ಮೇಡಂ, ಇಲ್ಲಿ ಇರೋ ಕಾಯಿ ಸಾಲ್ದಾ?”

ಮಂಡಿಯ ಕಡೆ ನಾನು ತಿರುಗಿ ನೋಡುವಷ್ಟರಲ್ಲಿ ಅವರು ಆಗಲೇ ಟೇಪು ತೆಗೆದಿದ್ದರು. ನನ್ನ ಅಂಗೈಯನ್ನು ಹಲಗೆಯ ಮೇಲೆ ಇಡಿಸಿ, ಟೇಪಿನ ಎರಡು ತುದಿಯನ್ನು ನನ್ನಿಂದಲೇ ಹಿಡಿಸಿ, ಒಂದೊಂದು ಬೆರಳಿನ ಮೂರು ಮೂರು ಗೆಣ್ಣಿನ ಅಳತೆಯನ್ನು ರಟ್ಟಿನ ತುಂಡಿನ ಮೇಲೆ ಬರೆದುಕೊಂಡರು. “ಬೆರಳು ಅಂದ್ರೆ ಸಣ್ಣ ತೋಳು ಕಣ್ರೀ. ಅದಕ್ಕೂ ಮೊಣಕೈ ಐತೆ. ಅಲ್ಲಿ ಸಡ್ಲ ಬಿಡಬೇಕು, ತುದೀಲಿ ಬಿಗಿ ಬರಬೇಕು. ರೆಡಿಮೇಡಲ್ಲಿ ಇದು ಯಾರಿಗೆ ಗೊತ್ತು?” ಎಂದರು.

ನಾಲ್ಕು ಗವಸುಗಳನ್ನು ಹೊಲಿದು ನಾಲ್ಕನ್ನೂ ಅವರೇ ಬಿಚ್ಚಿದರು. ಐದನೆಯದು ಬನಿಯನ್ ಬಟ್ಟೆಯದು, ತುದಿಗಳಲ್ಲಿ ಮೋಟಾರಿಗೆಂದೇ ಪುಟಾಣಿ ಜೇಬು. ಹಾಕಿಕೊಂಡಾಗ ಕೈಗೆ ಏನೋ ಹಾಕಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು.

ಅಲ್ಲಿಂದಾಚೆ ಅವರ ಅಂಗಡಿ ನನಗೆ ಅಭ್ಯಾಸವಾಯಿತು. ಕಾಲೇಜು ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷ ಆ ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದೆ. ಸಾಹೇಬರಿಗೆ ಬಟ್ಟೆಗಿಂತ ಬಟ್ಟೆ ಹಾಕುವವರ ಮೇಲೆ ಕಣ್ಣು. ಕಂಡಕ್ಟರ್ ಬಂದರೆ ಕೇಳದೆಯೇ ಜೇಬನ್ನು ಎರಡಿಂಚು ಆಳ ಮಾಡುವರು. ವಾಲಗದವರ ಪೈಕಿ ಡೋಲು ಬಾರಿಸುವವನಿಗೆ ಬಲಗಂಕುಳಲ್ಲಿ ಒಂದು ಪಟ್ಟಿ ಹೆಚ್ಚು. ಶಾಲೆಯ ಯೂನಿಫಾರಂ ಹೊಲಿದರೆ ಒಳಗಡೆ ನಾಲ್ಕು ಬೆರಳು ಮಡಿಕೆ. “ಮಕ್ಳು ಬೆಳೀತಾವೆ, ಅಪ್ಪನ ಸಂಬ್ಳ ಬೆಳೆಯಲ್ಲ” ಎನ್ನುವರು. ಹೊಟ್ಟೆ ಒಳಗೆಳೆದು ಅಳತೆ ಕೊಡುವ ಮಂಡಿ ಯಜಮಾನರೊಬ್ಬರಿಗೆ ನನ್ನೆದುರೇ ಹೇಳಿದ್ದರು: “ಉಸ್ರು ಬಿಡಿ ಸ್ವಾಮಿ. ನನ್ನತ್ರ ಮುಚ್ಚಿಟ್ಟು ಊಟಕ್ಕೆ ಕೂತಾಗ ಬಿಚ್ಚಿದ್ರೆ ಗುಂಡಿ ಎದುರ್ಗಡೆಯವ್ರ ಸಾರಿಗೆ ಬೀಳ್ತದೆ.”

ಗುಂಡಿಯ ತೂತಿಗೆ ಕಾಜಾ ಹಾಕುವುದು, ಗುಂಡಿ ಕೂರಿಸುವುದು, ಪ್ಯಾಂಟಿನ ಅಂಚಿಗೆ ಕೈಹೊಲಿಗೆ, ಇವೆಲ್ಲ ಮನೆಯಲ್ಲಿ ಅವರ ಹೆಂಡತಿಯ ಕೆಲಸ. ಸಂಜೆ ಗಂಟು ಕಟ್ಟಿ ಮನೆಗೆ ಒಯ್ಯುವರು, ಬೆಳಿಗ್ಗೆ ಇಸ್ತ್ರಿಗೆ ಸಿದ್ಧವಾಗಿ ಬರುತ್ತಿತ್ತು. ಆಕೆಯನ್ನು ನಾನು ಅಷ್ಟರಲ್ಲಿ ಒಂದೆರಡು ಬಾರಿ ನೋಡಿದ್ದೆ. ಮಾತು ಕಡಿಮೆ, ನನ್ನನ್ನು ಬೇಟಿ ಎನ್ನುತ್ತಿದ್ದರು.

ಒಂದು ವಿಷಯವನ್ನು ಊರಿನ ಹಲವರು ನನಗೆ ಹೇಳಿದ್ದರು. ಸಾಹೇಬರು ಕೈಯನ್ನು ಬೆನ್ನ ಹಿಂದೆ ಚಾಚಿದರೆ ಯಾವ ಬಟ್ಟೆ ಕೊಟ್ಟರೂ ಬೆರಳಲ್ಲಿ ಉಜ್ಜಿ, ಇದು ಇಂಥದ್ದು, ಇಷ್ಟು ಬಾರಿ ಒಗೆದದ್ದು ಎಂದು ಹೇಳಿಬಿಡುತ್ತಾರಂತೆ. ನಾನೊಮ್ಮೆ ದುಪ್ಪಟ್ಟದ ಚುಂಗು ಚಾಚಿ, “ಹೇಳಿ ನೋಡೋಣ ಸಾಹೇಬ್ರೇ” ಎಂದೆ. ಅವರು ಮಿಷನ್ನಿನಿಂದ ತಲೆ ಎತ್ತಲಿಲ್ಲ. “ಅದೆಲ್ಲ ಹಳೇ ಆಟ ಬುಡಿ. ಈಗಿನ ಬಟ್ಟೆಗೆ ಜಾತಿ ಎಲ್ಲೈತೆ, ಎಲ್ಲಾ ಪಾಲಿಯೆಸ್ಟರ್ರು” ಎಂದರು. ನಾನೂ ನಕ್ಕು ಬಿಟ್ಟೆ.

ಪ್ರಯೋಗ ಶುರುವಾದ ಮೇಲೆ ಅವರೇ ಲ್ಯಾಬಿಗೆ ಬರತೊಡಗಿದರು. ದಿನಕ್ಕೆ ನಾಲ್ಕೈದು ಕೈ ಹೊಕ್ಕು ಹೊರಬಂದರೆ ಗವಸಿನ ಹೊಲಿಗೆ ಬಿಡುತ್ತಿತ್ತು. ಶುಕ್ರವಾರ ನಮಾಜು ಮುಗಿಸಿಕೊಂಡು ಸೂಜಿದಾರದ ಡಬ್ಬಿಯೊಂದಿಗೆ ಬಂದರೆ ಸಂಜೆಯವರೆಗೂ ಮೂಲೆಯ ಕುರ್ಚಿ ಬಿಡುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿಗಳು, ವಾಚ್‌ಮನ್, ಕ್ಯಾಂಟೀನಿನವರು, ಕಾಯಿ ಸುಲಿಯುವ ಇಬ್ಬರು ಹೆಂಗಸರು, ಹುಳಿಯಾರು ಕಡೆಯಿಂದ ಕುರಿ ಮಾರಲು ಬಂದು ನಮ್ಮ ವಾಚ್‌ಮನ್ನನ ಮನೆಯಲ್ಲಿ ಉಳಿದಿದ್ದ ಒಬ್ಬ ಹಿರಿಯರು, ಹೀಗೆ ಸಿಕ್ಕವರನ್ನೆಲ್ಲ ಕರೆದು ಹೆಲ್ಮೆಟ್ಟು ಹಾಕಿಸುತ್ತಿದ್ದೆ. ಒಬ್ಬೊಬ್ಬರಿಗೂ ಎರಡು ಸುತ್ತು. ಒಂದರಲ್ಲಿ ಮೋಟಾರು ಬಂದ್, ಇನ್ನೊಂದರಲ್ಲಿ ಚಾಲೂ. ಕುರಿಯ ಯಜಮಾನರು ಮೊದಲ ಸುತ್ತಿನಲ್ಲಿ, “ಥೂ, ಇದೇನ್ಲಾ ಇದು, ದೆವ್ವದ ಕಾಯಿ! ಕೈಗೆ ಸಿಕ್ಕಾಕಿಲ್ಲ” ಎಂದು ಬೈದು, ಎರಡನೆಯ ಸುತ್ತಿನಲ್ಲಿ ಗುಂಯ್ ಎಂದ ಕೂಡಲೇ, “ಹಾಂ, ಈಗ ಜೀವ ಬಂತು” ಎಂದರು.

ಸಾಹೇಬರು ಪರದೆಯನ್ನು ನೋಡುತ್ತಿರಲಿಲ್ಲ. ಹೆಲ್ಮೆಟ್ಟು ಹಾಕಿ ಗಾಳಿಯಲ್ಲಿ ಕೈಯಾಡಿಸುವವರನ್ನೇ ನೋಡುವರು. ಮೂರನೆಯ ಶುಕ್ರವಾರವೋ ಏನೋ, ತಮ್ಮಷ್ಟಕ್ಕೆ ಗೊಣಗುವುದು ಕೇಳಿಸಿತು. “ಈಗ ನಿಲ್ಲಿಸ್ತಾನೆ ನೋಡು… ಈಗ ಇನ್ನೊಂದ್ಸಲ ಮುಷ್ಟಿ ಕಟ್ತಾನೆ.” ಹುಡುಗ ಹಾಗೆಯೇ ಮಾಡಿದ.

“ಹೇಗೆ ಗೊತ್ತಾಯ್ತು ಸಾಹೇಬ್ರೇ?”

“ಮೋಟ್ರು ಬಂದ್ ಇದ್ದಾಗ ಇವ್ರು ಕಾಯಿ ನೋಡಲ್ಲ ಮೇಡಂ. ಕೈ ನೋಡ್ಕೋತಾರೆ. ಕೈ ಅಲ್ಲಿಗೆ ಹೋಯ್ತಾ ಇಲ್ವಾ ಅಂತ ಕಣ್ಣಲ್ಲೇ ಕಾಯ್ಬೇಕಲ್ಲ, ಅದಕ್ಕೆ ನಿಧಾನ. ಹಿಡಿದ್ಮೇಲೂ ನಂಬಿಕೆ ಬರಲ್ಲ, ಇನ್ನೊಂದ್ಸಲ ಹಿಡೀತಾರೆ. ಮೋಟ್ರು ಹಾಕಿ, ಕಣ್ಣು ಕಾಯಿ ಮೇಲೇ ಇರ್ತದೆ. ಕೈ ತನ್ನ ಕೆಲಸ ತಾನು ಮಾಡ್ಕೋತದೆ.”

ನಾನು ಅಂದು ಸಂಜೆ ಕಂಪ್ಯೂಟರ್ ದಾಖಲಿಸಿದ್ದ ಕೈಯ ಜಾಡುಗಳನ್ನು ತೆಗೆದು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಮೋಟಾರು ಇಲ್ಲದಾಗ ಕೈ ಕಾಯಿಯ ಹತ್ತಿರ ಬಂದು ತಡವರಿಸುತ್ತಿತ್ತು, ದಾಟಿ ಹಿಂದಕ್ಕೆ ಬರುತ್ತಿತ್ತು, ಎರಡೆರಡು ಸಲ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ಹಿಡಿದಷ್ಟು ಹೊತ್ತೂ ಗುಂಯ್‌ಗುಡಿಸುವುದು ಬೇಡ, ಮುಟ್ಟಿದಾಗ ಒಮ್ಮೆ, ಹಿಡಿದಾಗ ಒಮ್ಮೆ, ಅಷ್ಟು ಸಾಕು. “ಒಂದೇ ಸಮ ಗುಯ್‌ಗುಟ್ಟಿದ್ರೆ ಅದು ಮುಟ್ಟಿದಂಗಲ್ಲ, ನೊಣ ಕೂತಂಗೆ.” ಹಾಗೆ ಬದಲಾಯಿಸಿದ ಮೇಲೆ ತಪ್ಪುಗಳು ಇನ್ನಷ್ಟು ಇಳಿದವು. ಮಾರ್ಗದರ್ಶಕರಿಗೆ ಪತ್ರ ಬರೆದಾಗ ಅವರು, ಈ ಗಮನ ನಿನ್ನದೇ ಆಗಿದ್ದರೆ ಭೇಷ್ ಎಂದು ಬರೆದರು. ನನ್ನದಲ್ಲ ಎಂದು ಉತ್ತರ ಬರೆದೆ. ಹಾಗಾದರೆ ಆ ಮನುಷ್ಯನನ್ನು ನೋಡಬೇಕು ಎಂದು ಒಂದು ಶನಿವಾರ ಬೆಳಗಿನ ರೈಲಿಗೆ ಅವರೇ ಬಂದುಬಿಟ್ಟರು.

ಅಷ್ಟು ದಿನ ನಾನು ಎಷ್ಟು ಕರೆದರೂ ಸಾಹೇಬರು ಹೆಲ್ಮೆಟ್ಟು ಹಾಕಿರಲಿಲ್ಲ. ತಲೆ ಸುತ್ತುತ್ತದೆ ಎನ್ನುವರು, ನಮಾಜಿಗೆಂದು ಕೈಕಾಲು ತೊಳೆದ ವಜೂ ಕೆಡುತ್ತದೆಯೋ ಏನೋ ಎಂದು ನಗಿಸುವರು. ಅಂದು ಬೆಂಗಳೂರಿನಿಂದ ಬಂದವರು ಕೈಮುಗಿದು ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ. ಆಗತಾನೇ ತಾವೇ ರಿಪೇರಿ ಮಾಡಿದ್ದ ಗವಸನ್ನು ಬಲಗೈಗೆ ಏರಿಸಿಕೊಂಡು ನಿಂತರು.

ಮೊದಲ ಸುತ್ತು, ಮೋಟಾರು ಬಂದ್. ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಅದುವರೆಗೆ ಬಂದಿದ್ದ ಯಾರಿಗಿಂತಲೂ ಬೇಗ, ಯಾರಿಗಿಂತಲೂ ನಿಖರವಾಗಿ ಅವರು ಕಾಯಿಗಳನ್ನು ಆರಿಸಿದರು. ಒಂದು ಸಲವೂ ಕೈ ದಾಟಲಿಲ್ಲ. ಮಾರ್ಗದರ್ಶಕರು, “ಅದ್ಭುತ! ಇನ್ನು ಮೋಟಾರು ಹಾಕಮ್ಮ, ಏನಾಗುತ್ತೆ ನೋಡೋಣ” ಎಂದರು. ಹಾಕಿದೆ. ಏನೂ ಆಗಲಿಲ್ಲ. ಅದೇ ವೇಗ, ಅದೇ ಜಾಡು. ಮೋಟಾರು ಕೈಕೊಟ್ಟಿರಬೇಕು ಎಂದರು ಮಾರ್ಗದರ್ಶಕರು.

“ಸಾಹೇಬ್ರೇ, ಬೆರಳಿಗೆ ಗುಂಯ್ ಅಂತಾ?” ಎಂದೆ.

“ಅಂತು ಅಂತು, ಕೇಳಿಸ್ತು” ಎಂದರು.

ಕೇಳಿಸಿತು ಎನ್ನುವ ಮಾತು ನನ್ನ ಮನಸ್ಸಿನಲ್ಲಿ ಕೊಕ್ಕೆಯಂತೆ ಸಿಕ್ಕಿಕೊಂಡಿತು. ಹೆಲ್ಮೆಟ್ಟು ತೆಗೆದು, ಗವಸನ್ನು ನಿಧಾನಕ್ಕೆ ಬಿಡಿಸತೊಡಗಿದೆ. ತೋರುಬೆರಳಿನ ತುದಿಯಲ್ಲಿ ಬನಿಯನ್ ಬಟ್ಟೆ ಕೆಂಪಗಾಗಿತ್ತು. ರಿಪೇರಿಯ ಹೊತ್ತಿನಲ್ಲಿ ಮೋಟಾರಿನ ಜೇಬಿಗೆ ಚುಚ್ಚಿದ್ದ ಗುಂಡುಪಿನ್ನನ್ನು ತೆಗೆಯಲು ಅವರು ಮರೆತಿದ್ದರು. ಅದು ಅಷ್ಟು ಹೊತ್ತೂ ಬೆರಳಿನೊಳಗೆ ಇಳಿದೇ ಇತ್ತು. ಅದರ ಜೊತೆಯಲ್ಲೇ ಅವರು ಇಪ್ಪತ್ತನಾಲ್ಕು ಕಾಯಿಗಳನ್ನು ಹಿಡಿದಿದ್ದರು, ಒಮ್ಮೆಯೂ ಮುಖ ಕಿವುಚದೆ.

ಅವರು ರಕ್ತ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮುಷ್ಟಿ ಕಟ್ಟಿ ಕೈಯನ್ನು ಜುಬ್ಬದ ಜೇಬಿಗೆ ಇಳಿಸಿ, ಮಾರ್ಗದರ್ಶಕರ ಕಡೆ ತಿರುಗಿ, “ಟೀ ಕುಡಿಯಣ ಬನ್ನಿ ಸಾರ್” ಎಂದರು. ನಾನು ಗವಸನ್ನು ಡ್ರಾಯರಿಗೆ ಹಾಕಿದೆ. ಮೋಟಾರು ಕೆಟ್ಟಿದೆ ಎಂದೇ ಮಾರ್ಗದರ್ಶಕರಿಗೆ ಹೇಳಿದೆ.

ಅವರನ್ನು ರೈಲು ಹತ್ತಿಸಿ ನೇರ ಅಂಗಡಿಗೆ ಹೋದೆ. ಸಾಹೇಬರು ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತೆ.

“ಯಾವತ್ತಿಂದ?” ಎಂದೆ.

“ನಾಲ್ಕು ವರ್ಷ ಆಯ್ತು ಕಣಮ್ಮ.” ಮೇಡಂ ಎನ್ನುವುದು ಅಂದೇ ಹೋಯಿತು. “ಮೊದ್ಲು ಜುಮ್ ಅಂತಿತ್ತು. ಎದ್ದು ಕೈ ಕೊಡವಿದ್ರೆ ಸರಿ ಹೋಗೋದು. ಆಮೇಲೆ ಹೆಬ್ಬೆಟ್ಟು, ಇದು, ಇದು, ಮೂರೂ ಮರದಂಗಾಗೋದ್ವು. ಕತ್ತರಿ ಹಿಡಿದಿದೀನಾ ಇಲ್ವಾ ಅಂತ ನೋಡ್ಕೊಂಡೇ ಗೊತ್ತಾಗ್ಬೇಕು. ನಿಮ್ಮ ಹುಡುಗ್ರು ಮೋಟ್ರು ಬಂದ್ ಮಾಡ್ದಾಗ ಹೆಂಗೆ ಒದ್ದಾಡ್ತಾರೋ, ನನ್ನ ಬಾಳು ದಿನಾ ಹಂಗೇಯ. ಕಣ್ಣಲ್ಲೇ ಹೊಲೀತೀನಿ. ನಾಲ್ಕು ವರ್ಷದಿಂದ ಕಣ್ಣಲ್ಲೇ.”

ಹಾಗಾದರೆ ಲ್ಯಾಬಿನ ಮೂಲೆಯಲ್ಲಿ ಕೂತು ಅವರು ನೋಡುತ್ತಿದ್ದದ್ದು ಯಾರನ್ನು ಎಂದು ನನಗೆ ಆಗ ಅರ್ಥವಾಯಿತು.

“ಡಾಕ್ಟರಿಗೆ ತೋರಿಸಲಿಲ್ವಾ?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಮ್ ದೊಡ್ಡಪ್ಪಂಗೆ ಹಿಂಗೇ ಶುರುವಾಗಿದ್ದು. ಬೆರಳು ಮರಗಟ್ತು, ಬೆಂಕಿ ಮುಟ್ಟಿದ್ರೂ ಗೊತ್ತಾಗ್ತಿರ್ಲಿಲ್ಲ. ಆ ದೊಡ್ಡ ರೋಗ. ಹಿತ್ತಲಲ್ಲೇ ಇದ್ದು ಹಿತ್ತಲಲ್ಲೇ ಹೋದ್ರು. ಡಾಕ್ಟ್ರು ಹೆಸ್ರು ಹೇಳೋವರ್ಗೂ ಅದು ಅಲ್ಲ ಅಂತ ಇರಬೋದಲ್ಲ, ಅದಕ್ಕೇ ಹೋಗ್ಲಿಲ್ಲ. ಗೊತ್ತಾದ್ರೆ ನನ್ನ ಕೈಲಿ ಅಳತೆ ಕೊಡೋರು ಯಾರು? ನಾನು ಹೊಲಿದಿದ್ದು ಹಾಕೋರು ಯಾರು?” ಬೆರಳಿಗೆ ಸುತ್ತಿದ ಬಟ್ಟೆ ಬಿಗಿ ಮಾಡುತ್ತ ಅಂದರು: “ಅರಸೀಕೆರೇಲಿ ಮಗಳ ಕೂಸು ಐತೆ. ಒಂದೂವರೆ ವರ್ಷ. ಒಂದ್ಸಲಾನೂ ಎತ್ಕೊಂಡಿಲ್ಲ ಕಣಮ್ಮ. ಬೆನ್ನು ನೋವು ಅಂತ ಸುಳ್ಳು ಹೇಳ್ಕೊಂಡು ತಿರುಗ್ತಿದೀನಿ.”

ನನ್ನ ಬೆರಳಿನ ಅಳತೆ ತೆಗೆಯುವಾಗ ಟೇಪಿನ ಎರಡೂ ತುದಿಯನ್ನು ನನ್ನಿಂದಲೇ ಯಾಕೆ ಹಿಡಿಸಿದ್ದರು ಎನ್ನುವುದೂ ತಿಳಿಯಿತು. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ಕುಷ್ಠವಾದರೂ ಈಗ ಮಾತ್ರೆಯಲ್ಲಿ ವಾಸಿಯಾಗುತ್ತದೆ ಎಂದೆ. ತಲೆಯಾಡಿಸಿದರು, ನಂಬಲಿಲ್ಲ. ಕಿರುಬೆರಳು ಹೇಗಿದೆ ಎಂದು ಕೇಳಿದೆ. ಅದು ಚೆನ್ನಾಗೇ ಇದೆ ಎಂದರು. ಅದೇಕೋ ಆ ಒಂದು ಮಾತು ನನಗೆ ಧೈರ್ಯ ಕೊಟ್ಟಿತು. ನಾನು ವೈದ್ಯಳಲ್ಲ, ಆದರೆ ಐದು ತಂತಿಯಲ್ಲಿ ಮೂರು ಮಾತ್ರ ಸತ್ತಿದ್ದರೆ ತೊಂದರೆ ಎಲ್ಲೋ ಒಂದು ಜಾಗದಲ್ಲಿ ಇರುತ್ತದೆ ಎನ್ನುವುದು ನನ್ನ ವಿದ್ಯೆಗೆ ಗೊತ್ತು. ತುಮಕೂರಿಗೆ ಬನ್ನಿ ಎಂದು ಕಾಡಿದೆ. ಎರಡು ವಾರ ಬರಲಿಲ್ಲ. ಮೂರನೆಯ ವಾರ ನಾನೇ ಹೇಳಿದೆ, “ನೀವು ಬರದಿದ್ದರೆ ನಾನು ನಿಮ್ಮ ಮನೇಲಿ ಅಮ್ಮನಿಗೆ ಹೇಳ್ತೀನಿ.” “ಅವಳಿಗೆ ಬ್ಯಾಡ, ಅವಳಿಗೆ ಏನೂ ಗೊತ್ತಿಲ್ಲ” ಎಂದು ಗಾಬರಿಯಿಂದ ಎದ್ದು ಹೊರಟರು. ಹೆಂಡತಿಗೆ ದಾರ ತರಲು ಹೋಗುತ್ತೇನೆ ಎಂದು ಹೇಳಿದ್ದರಂತೆ.

ನರಗಳ ಡಾಕ್ಟರು ಮಾತಿನ ಮನುಷ್ಯನಲ್ಲ. ಚರ್ಮವನ್ನೆಲ್ಲ ನೋಡಿದರು, ಹತ್ತಿಯಿಂದ ಸವರಿದರು, ಮೊಣಕೈ ಹಿಂದೆ ಒತ್ತಿ ನೋಡಿದರು. ಮಣಿಕಟ್ಟಿನ ಮೇಲೆ ಬೆರಳಿಂದ ಕುಟ್ಟಿದಾಗ ಸಾಹೇಬರು, “ಯಾ ಅಲ್ಲಾ, ಕರೆಂಟು!” ಎಂದು ಕೂಗಿದರು. ಯಂತ್ರದ ಪರೀಕ್ಷೆಯೂ ಆಯಿತು. ಡಾಕ್ಟರು ಕೇಳಿದರು, “ಎಷ್ಟು ವರ್ಷದಿಂದ ಕತ್ತರಿ ಹಿಡೀತಿದ್ದೀರಿ?”

“ನಲವತ್ತೆರಡು.”

“ಅದಕ್ಕೇ. ಮಣಿಕಟ್ಟಲ್ಲಿ ನರ ಸಿಕ್ಕಿಹಾಕ್ಕೊಂಡಿದೆ. ಸಣ್ಣ ಆಪರೇಷನ್. ನೀವು ಹೆದರಿದ್ದ ಕಾಯಿಲೆ ಇದಲ್ಲ. ಅದೇ ಆಗಿದ್ರೂ ವಾಸಿಯಾಗೋದು. ನಾಲ್ಕು ವರ್ಷ ಯಾಕ್ರೀ ಸುಮ್ನೆ ಕೂತಿದ್ರಿ?”

ಸಾಹೇಬರು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಭುಜಗಳು ಅಲುಗುತ್ತಿದ್ದವು. ನಾನು ಔಷಧಿ ಚೀಟಿಯನ್ನು ಓದುವವಳಂತೆ ಅತ್ತ ತಿರುಗಿ ನಿಂತೆ.

ವಾಪಸ್ ಬರುವಾಗ ರೈಲಿನಲ್ಲಿ ಸಾಹೇಬರು ಕಿಟಕಿಯ ಪಕ್ಕ ಕೂತರು. ಗುಬ್ಬಿ ಹೋಯಿತು, ಅಮ್ಮಸಂದ್ರದ ಸಿಮೆಂಟ್ ಧೂಳಿನ ಮರಗಳು ಹೋದವು. ತಿಪಟೂರು ಬಂದಾಗ ನಾನು ಎದ್ದೆ. ಅವರು ಏಳಲಿಲ್ಲ.

“ಇಳೀರಿ ಸಾಹೇಬ್ರೇ, ಊರು ಬಂತು.”

“ನೀನು ಇಳಿ ಕಣಮ್ಮ. ಇದು ಅರಸೀಕೆರೆಗೆ ಹೋಗ್ತದಲ್ಲ, ನಾನು ಹೋಗಿ ಬರ್ತೀನಿ.”

“ಟಿಕೆಟ್ ಇಲ್ಲೀವರೆಗೆ ತಾನೆ?”

“ಹಿಡಿದ್ರೆ ಹಿಡೀಲಿ ಬುಡು. ಮೊಮ್ಮಗಳನ್ನ ನೋಡಕ್ಕೆ ಹೊಂಟಿದೀನಿ ಅಂತೀನಿ.”

ರೈಲು ಹೊರಟಿತು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ನೋಡುತ್ತಿದ್ದೆ. ಆ ವಯಸ್ಸಿನ ಮನುಷ್ಯ ಕಿಟಕಿಯಿಂದ ಎರಡೂ ಕೈ ಹೊರಗೆ ಹಾಕಿ ಬೀಸಿದರು.

ಆಪರೇಷನ್ ಆದ ಮೇಲೆ ಸ್ಪರ್ಶ ಒಂದೇ ದಿನದಲ್ಲಿ ಬರಲಿಲ್ಲ. ಹೆಬ್ಬೆರಳು ಮೊದಲು, ತಿಂಗಳುಗಟ್ಟಲೆ ತಡವಾಗಿ ನಡುಬೆರಳು. ತೋರುಬೆರಳಿನ ತುದಿ ಕೊನೆಗೂ ಪೂರ್ತಿ ಬರಲಿಲ್ಲ. “ಇವ್ನು ರಿಟೈರ್ಡು. ಪೆನ್ಷನ್ ಕೊಟ್ಟು ಸಾಕ್ತಿದೀನಿ” ಎಂದು ತೋರಿಸುವರು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಲ್ಯಾಬಿಗೆ ಬಂದು, ಹಾಕು ನಿನ್ನ ಟೋಪಿ ಎಂದರು. ಹಾಕಿದೆ, ಮೋಟಾರು ಚಾಲೂ ಮಾಡಿದೆ. ಮೊದಲ ಕಾಯಿ ಮುಟ್ಟಿದ್ದೇ ಕೈಯನ್ನು ಹಾವು ಕಂಡವರಂತೆ ಹಿಂದಕ್ಕೆಳೆದುಕೊಂಡರು. ಆಮೇಲೆ ನಗತೊಡಗಿದರು. ಅಂದಿನ ಅವರ ಫಲಿತಾಂಶ ಬಹಳ ಕೆಟ್ಟದಾಗಿತ್ತು. ಮೊದಲ ಸಲಕ್ಕಿಂತ ನಿಧಾನ, ಎರಡು ತಪ್ಪು. ಒಂದೊಂದು ಕಾಯಿಯನ್ನೂ ಬೇಕೆಂದೇ ಬಿಟ್ಟು ಬಿಟ್ಟು ಮುಟ್ಟುತ್ತಿದ್ದರು. ಆ ಅಂಕಿಗಳನ್ನು ನಾನು ಪ್ರಬಂಧಕ್ಕೆ ಸೇರಿಸಲಿಲ್ಲ.

ಮುಂದೆ ನಾನು ಹಾಸನದ ಕಾಲೇಜಿಗೆ ಹೋದೆ. ಹಬ್ಬಕ್ಕೆ ಫೋನು, ವರ್ಷಕ್ಕೊಮ್ಮೆ ಭೇಟಿ. ಮೊದಲ ವರ್ಷಗಳಲ್ಲಿ ಒಮ್ಮೆ ಹೋದಾಗ ಅಂಗಡಿಯಲ್ಲಿ ಮೊಮ್ಮಗಳನ್ನು ಹಲಗೆಯ ಮೇಲೆ ನಿಲ್ಲಿಸಿಕೊಂಡು ಲಂಗದ ಅಳತೆ ತೆಗೆಯುತ್ತಿದ್ದರು. ಆ ಹುಡುಗಿ ಕಚಗುಳಿಗೆ ಕುಣಿಯುತ್ತಿದ್ದಳು, ಇವರು ಅಳತೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಈ ಚಳಿಗಾಲದಲ್ಲಿ ಎದೆನೋವು ಬಂದು ಎರಡೇ ದಿನದಲ್ಲಿ ಹೋದರಂತೆ. ನನಗೆ ಸುದ್ದಿ ತಲುಪಿದ್ದು ವಾರದ ಮೇಲೆ.

ಮನೆಗೆ ಹೋದಾಗ ಅವರ ಹೆಂಡತಿ ಒಳಗೆ ಕರೆದು ಚಾಪೆ ಹಾಕಿದರು. ಏನು ಮಾತಾಡಬೇಕೆಂದು ತೋಚದೆ ನಾನು ಅವರ ಬೆರಳು ಮರಗಟ್ಟಿದ್ದ ಹಳೆಯ ವಿಷಯ ತೆಗೆದೆ. “ನಿಮಗೆ ಗೊತ್ತಾಗಬಾರದು ಅಂತ ಅವರು ಎಷ್ಟು ಹೆದರಿದ್ದರು ಗೊತ್ತಾ ಅಮ್ಮ” ಎಂದೆ.

ಆಕೆ ಚಾಪೆಯ ಮೇಲೆ ನನ್ನೆದುರು ಬಂದು ಕೂತರು.

“ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಬೇಟಿ. ಕಾಜಾ ಹಾಕಕ್ಕೆ ಗಂಟು ಬಿಚ್ಚಿದ್ರೆ ಬಟ್ಟೆ ಮೇಲೆ ರಕ್ತದ ಚುಕ್ಕಿ ಇರ್ತಿತ್ತು. ಸೂಜಿ ಚುಚ್ಕೊಂಡಿದ್ದು ಅವ್ರಿಗೆ ಗೊತ್ತಾಗ್ತಿಲ್ಲ ಅಂತ ತಿಳೀತು. ತಣ್ಣೀರಲ್ಲಿ ಒಗೆದು ಇಸ್ತ್ರಿ ಹಾಕಿ ಕಳಿಸ್ತಿದ್ದೆ. ಗಿರಾಕಿ ಯಾರೂ ನೋಡ್ಲಿಲ್ಲ.”

“ನೀವು ಕೇಳಲೇ ಇಲ್ವಾ?”

“ಕೇಳಿದ್ರೆ ಕತ್ತರಿ ಕೆಳಗಿಡ್ತಿದ್ರು. ನಂಗೂ ಅವ್ರ ದೊಡ್ಡಪ್ಪಂದೇ ನೆನಪು ಬಂದಿತ್ತು. ಅವ್ರು ನೋಡಿದ್ರೆ ಅಷ್ಟೊತ್ತಿಗೆ ತಟ್ಟೆ ಬೇರೆ ಮಾಡ್ಕೊಂಡ್ರು, ಲೋಟ ಬೇರೆ ಮಾಡ್ಕೊಂಡ್ರು. ಹಲ್ಲುನೋವು, ಬಿಸಿ ತಿನ್ನಕ್ಕಾಗಲ್ಲ, ನಾನು ಆಮೇಲೆ ತಿಂತೀನಿ ಅಂತ ಏನೇನೋ ನೆಪ. ತಾವೇ ತೊಳೆದು ಮೂಲೇಲಿ ಬೋರಲು ಹಾಕಿ ಅಂಗಡಿಗೆ ಹೋಗೋರು.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಅವ್ರು ಅತ್ತ ಹೋದ್ಮೇಲೆ ನಾನು ಆ ತಟ್ಟೇನೇ ತಗೊಂಡು ಊಟ ಮಾಡ್ತಿದ್ದೆ. ನಾಲ್ಕು ವರ್ಷ. ಬರೋದಾದ್ರೆ ಇಬ್ರಿಗೂ ಬರ್ಲಿ ಅಂತ.”

ನಾನು ಕೇಳಿದೆ, “ಅವರಿಗೆ ಇದನ್ನ ಹೇಳಿದ್ರಾ?”

“ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿವ್ಸ ಹೇಳ್ದೆ.”

“ಏನಂದ್ರು?”

“ಎದ್ದು ಒಳಗೆ ಹೋಗಿ, ಊಟಕ್ಕೆ ಒಂದೇ ತಟ್ಟೆ ತಂದಿಟ್ರು.”